ಮೊದಲು ಕಾವು, ಅನಂತರ ಹೆಪ್ಪು

ಅನ್ನವನ್ನು ಚೆಲ್ಲುವುದು ಪಾಪವೆಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದಲೂ ನೆಲೆಗೊಂಡಿರುವುದು. ಎಲೆಯಲ್ಲಿ ನಾಲ್ಕು ಅಗುಳು ಉಳಿದರೂ ಮನೆಯ ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದರು. ಆದರೆ ಗೃಹಿಣಿಯು ಎಷ್ಟೇ ಅಳತೆಯಿಂದ ಅಡಿಗೆ ಮಾಡಿದರೂ ಏನಾದರೊಂದು ಮಿಕ್ಕೇ ಮಿಗುವುದಷ್ಟೆ. ಅದಕ್ಕಾಗಿಯೇ ಹಿತ್ತಿಲಿನಲ್ಲಿ ಕಲಗಚ್ಚಿನ ಬಾನಿಯಿರುತ್ತಿದ್ದಿತು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ, ತಳ ಹತ್ತಿದ ಅನ್ನ ಮುಂತಾದುವೆಲ್ಲವೂ ಅದನ್ನು ಸೇರುತ್ತಿದ್ದುವು. ಸಾಯಂಕಾಲ ಅದಕ್ಕೆ ಒಂದೆರಡು ಹಿಡಿ ಬೂಸವನ್ನು ಬೆರಸಿ ಮುಂದಿಟ್ಟರೆ ಹಸುವು ಸೊರ್ರನೆ ಹೀರಿ ತಲೆಯೆತ್ತುತ್ತಿದ್ದಿತು. ಮನೆಯಲ್ಲಿ ಮಿಕ್ಕುದು ಹಸುವಿನ ಹೊಟ್ಟೆಯನ್ನು ಸೇರಿ ಮರುದಿನ ಹಾಲಾಗಿ ಹಿಂದಿರುಗುತ್ತಿದ್ದುದರಿಂದ, ಅನ್ನವು ವ್ಯರ್ಥವಾಯಿತೆಂಬ ವ್ಯಥೆಗೆ ಅವಕಾಶವಿರಲಿಲ್ಲ.

ಈಗಲಾದರೋ ಪಟ್ಟಣದ ಬಹುಪಾಲು ಮನೆಗಳಲ್ಲಿ ಹಸುವೂ ಇಲ್ಲ, ಬಾನಿಯೂ ಇಲ್ಲ. ಮಿಕ್ಕ ಆಹಾರವು ಕಸದ ಡಬ್ಬಿಯನ್ನು ಸೇರುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, 2022ನೆಯ ಇಸವಿಯೊಂದರಲ್ಲಿಯೇ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರುವತ್ತು ಪಾಲು ಗೃಹಸ್ಥರ ಮನೆಗಳದೇ. ಒಂದು ಕಡೆ ಇಷ್ಟು ಆಹಾರವು ಕೊಳೆಯುತ್ತಿರಲು, ಇನ್ನೊಂದು ಕಡೆ ಪಶುಗಳ ಮೇವಿಗಾಗಿಯೇ ಅಪಾರವಾದ ನೆಲವನ್ನೂ ನೀರನ್ನೂ ವೆಚ್ಚ ಮಾಡುತ್ತಿರುವೆವು. ಆದಕಾರಣ ಮಿಕ್ಕ ಆಹಾರವನ್ನು ಸೂಕ್ಷ್ಮಜೀವಿಗಳ ಸಹಾಯದಿಂದ ಹುದುಗಿಸಿ ಪಶುಗಳ ಆಹಾರವನ್ನಾಗಿ ಮಾಡುವ ಉಪಾಯವನ್ನು ಹಲವು ದೇಶಗಳ ವಿಜ್ಞಾನಿಗಳು ಕೈಕೊಂಡಿದ್ದಾರೆ. ಉಪಾಯವು ಒಳ್ಳೆಯದೇ. ಆದರೆ ಅದು ನಿರಪಾಯವೇ?

ಈ ಪ್ರಶ್ನೆಯನ್ನು ನಾನು ಕೇವಲ ಕುತೂಹಲದಿಂದ ಎತ್ತಿದವನಲ್ಲ. 2019ನೆಯ ಇಸವಿಯಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣವಾಯಿತು. ಬರುವೆವೆಂದಿದ್ದ ಬಂಧುಗಳಲ್ಲಿ ಅನೇಕರು ಮಳೆಯ ದೆಸೆಯಿಂದ ಬರಲಿಲ್ಲ. ದೊಡ್ಡ ಪಾತ್ರೆಯ ತುಂಬ ಅನ್ನವೂ ಪಾಯಸವೂ ಮಿಕ್ಕುವು. ಅಡಿಗೆಯವನು ಅದನ್ನು ಗುಂಡಿಗೆ ಸುರಿಯಹೊರಟಾಗ ನಾನೇ ತಡೆದು, “ಅನ್ನವನ್ನು ಚೆಲ್ಲಬೇಡಪ್ಪ, ಗೌರಿಗೆ ಹಾಕು” ಎಂದೆನು. ಗೌರಿಯೆಂಬುದು ನಮ್ಮ ಹಸು, ಮೂರನೆಯ ಸೂಲಿನದು. ಅನ್ನವು ಹಳಸಿರಲಿಲ್ಲ, ಬೂಷ್ಟು ಹಿಡಿದಿರಲಿಲ್ಲ. ಮಧ್ಯಾಹ್ನ ನಾವೇ ಉಂಡ ಅನ್ನವದು. ಗೌರಿಯು ಆಸೆಯಿಂದ ತಿಂದಿತು. ಮರುದಿನ ಬೆಳಗಾಗುವಷ್ಟರಲ್ಲಿ ಅದು ಮೆಲುಕು ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದಿತು. ಎಡಹೊಟ್ಟೆಯು ಉಬ್ಬಿ, ಸಗಣಿಯು ನೀರಾಗಿ ಹುಳಿ ವಾಸನೆಯಿಂದ ಕೂಡಿದ್ದಿತು. ಪಶುವೈದ್ಯರು ಬಂದು ಸೋಡಾ ಕಲಸಿ ಕುಡಿಸಿದರು, ರಕ್ತನಾಳಕ್ಕೆ ದ್ರವವನ್ನೇರಿಸಿದರು. ಆದರೂ ಮಾರನೆಯ ರಾತ್ರಿ ಮಲಗಿದ ಹಸು ಮತ್ತೆ ಏಳಲಿಲ್ಲ.

“ಯಾರಾದರೂ ವಿಷ ಹಾಕಿದರೇನು, ಡಾಕ್ಟರೇ?” ಎಂದು ಕೇಳಿದೆನು.

“ವಿಷವಲ್ಲ, ಮೇಷ್ಟ್ರೇ. ಅನ್ನವೇ” ಎಂದರು ಅವರು.

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಮಕ್ಕಳಿಗೆ ಪಾಠ ಹೇಳಿದ ನಾನು ಆ ದಿನ ಕೊಟ್ಟಿಗೆಯಲ್ಲಿ ನಿಂತು ಪಾಠ ಕೇಳಿದೆನು. ಅದನ್ನೂ, ಅದಾದ ಮೇಲೆ ಓದಿ ತಿಳಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಹಸುವಿನ ಹೊಟ್ಟೆಯ ಮೊದಲನೆಯ ಕೋಶವು ನೂರು ಲೀಟರಿಗೂ ಹೆಚ್ಚು ಹಿಡಿಯುವ ಒಂದು ದೊಡ್ಡ ಹುದುಗುಪಾತ್ರೆಯೇ ಸರಿ. ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ವಾಸವಾಗಿವೆ. ಹುಲ್ಲಿನ ನಾರನ್ನು ಕರಗಿಸಿ ಹಸುವಿಗೆ ಉಣಬಡಿಸುವುವು ಅವೇ. ಹುಲ್ಲು ನಿಧಾನವಾಗಿ ಕರಗುವುದು. ಆದಕಾರಣ ಅಲ್ಲಿ ಹುಳಿಯು ಮಿತಿಮೀರುವುದಿಲ್ಲ. ಬೆಂದ ಅನ್ನದ ಪಿಷ್ಟವಾದರೋ ಥಟ್ಟನೆ ಕರಗುವುದು. ಅದು ಒಮ್ಮೆಲೇ ಹೇರಳವಾಗಿ ಬಂದುಬಿದ್ದರೆ ಹುಳಿ ಹುಟ್ಟಿಸುವ ಸೂಕ್ಷ್ಮಜೀವಿಗಳು ಮಿಕ್ಕವುಗಳನ್ನು ಹಿಂದಕ್ಕೆ ತಳ್ಳಿ ಮಿತಿಯಿಲ್ಲದೆ ಬೆಳೆಯುವುವು; ದುಗ್ಧಾಮ್ಲವು, ಎಂದರೆ ಲ್ಯಾಕ್ಟಿಕ್ ಆಮ್ಲವು, ತುಂಬಿಕೊಳ್ಳುವುದು. ಆ ಹುಳಿಯು ಕೋಶದ ಗೋಡೆಯನ್ನು ಸುಟ್ಟು, ಶರೀರದ ನೀರನ್ನು ಹೊಟ್ಟೆಗೆ ಸೆಳೆದು, ಕಡೆಗೆ ರಕ್ತವನ್ನೂ ಕೆಡಿಸುವುದು. ಮದುವೆ ಮುಂಜಿ ಜಾತ್ರೆಗಳ ಮರುದಿನ ಹಳ್ಳಿಗಳಲ್ಲಿ ದನಗಳು ಹೀಗೆ ಸಾಯುವುದು ಪಶುವೈದ್ಯರಿಗೆ ಹೊಸದಲ್ಲವಂತೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗೌರಿಯನ್ನು ಕೊಂದ ದುಗ್ಧಾಮ್ಲವೂ, ದಿನವೂ ನಾವು ಊಟದ ಕೊನೆಗೆ ಬಡಿಸಿಕೊಳ್ಳುವ ಮೊಸರಿನ ಹುಳಿಯೂ ಒಂದೇ. ಹಾಲು ಹುಳಿಯಾಗುವುದು ಕಣ್ಣಿಗೆ ಕಾಣದ ಜೀವಿಗಳಿಂದಲೇ ಎಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯು 1857ರಲ್ಲಿ ತೋರಿಸಿಕೊಟ್ಟನು. ಅದಕ್ಕೆ ಎಷ್ಟೋ ಹಿಂದಿನಿಂದಲೂ ನಮ್ಮ ತಾಯಂದಿರು ಕಾರಣವನ್ನರಿಯದಿದ್ದರೂ ಕ್ರಮವನ್ನು ಅರಿತಿದ್ದರು. ಹಾಲನ್ನು ಮೊದಲು ಚೆನ್ನಾಗಿ ಕಾಯಿಸುವುದು; ಉಗುರುಬೆಚ್ಚಗಾಗುವವರೆಗೆ ಆರಿಸುವುದು; ಆಮೇಲೆ ಒಳ್ಳೆಯ ಮೊಸರಿನ ಹೆಪ್ಪು ಹಾಕಿ ಮುಚ್ಚಿಡುವುದು. ಈ ಮೂರರ ಅನುಕ್ರಮದಲ್ಲಿ ದೊಡ್ಡ ತತ್ತ್ವವು ಅಡಗಿದೆ. ಕಾವು ಕೊಟ್ಟಾಗ ಕೆಟ್ಟ ಜೀವಿಗಳು ಸಾಯುವುವು. ಪಾತ್ರೆಯು ಬರಿದಾದ ಮನೆಯಂತಾಗುವುದು. ಆ ಬರಿಮನೆಗೆ ಹೆಪ್ಪಿನ ಮೂಲಕ ಒಳ್ಳೆಯ ಒಕ್ಕಲನ್ನು ಕರೆತಂದು ಇರಿಸುವೆವು. ಅವು ಹುಳಿಯನ್ನು ಹುಟ್ಟಿಸಿ, ಅನಂತರ ಬರುವ ದುಷ್ಟರಿಗೆ ಬಾಗಿಲು ಹಾಕುವುವು. ಕಾಯಿಸದ ಕೊಳಕು ಹಾಲಿಗೆ ಎಷ್ಟು ಒಳ್ಳೆಯ ಹೆಪ್ಪನ್ನು ಹಾಕಿದರೂ ಮೊಸರು ಲೋಳೆಯಾಗಿ ನಾರುವುದನ್ನು ಯಾವ ಗೃಹಿಣಿಯು ಅರಿಯಳು?

ಸಂಸ್ಕೃತದಲ್ಲಿ ಅಗ್ನಿಗೆ ಪಾವಕನೆಂದು ಹೆಸರುಂಟು. ಪವಿತ್ರಗೊಳಿಸುವವನೆಂದು ಅದರ ಅರ್ಥವು. ಹುಳಿಗೆ ಆ ಹೆಸರಿಲ್ಲ. ಹುಳಿಯು ಕಾವಲುಗಾರನೇ ಹೊರತು ಪಾವಕನಲ್ಲ. ಶುದ್ಧವಾದುದನ್ನು ಅದು ಶುದ್ಧವಾಗಿಯೇ ಉಳಿಸಬಲ್ಲುದು; ಅಶುದ್ಧವಾದುದನ್ನು ಶುದ್ಧಗೊಳಿಸುವ ಶಕ್ತಿಯು ಅದಕ್ಕೆ ಪೂರ್ತಿಯಾಗಿಲ್ಲ. ಮಿಕ್ಕ ಆಹಾರವನ್ನು ಪಶುಗಳಿಗೆ ಮೇವಾಗಿಸುವ ವಿದ್ಯೆಯ ಸಾರವೆಲ್ಲವೂ ಇಷ್ಟೇ ಎಂದು ನನಗೆ ತೋರುವುದು.

“ಹಾಗಾದರೆ ರಸಮೇವಿಗೆ ಯಾರೂ ಕಾವು ಕೊಡುವುದಿಲ್ಲವಲ್ಲ?” ಎಂದು ರೈತಬಾಂಧವರು ಕೇಳಬಹುದು. ನಿಜ. ನಮ್ಮ ನಾಡಿನಲ್ಲಿ ಮುಸುಕಿನ ಜೋಳದ ಹಸಿದಂಟನ್ನು ಕತ್ತರಿಸಿ, ಗಾಳಿಯಾಡದಂತೆ ಒತ್ತಿ ತುಂಬಿ, ಹುಳಿಗಟ್ಟಿಸಿ ಇಡುವರು. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಅಲ್ಲಿ ತುಂಬಿದುದು ಹೊಲದಿಂದ ನೇರವಾಗಿ ಬಂದ ಹಸಿರು ಮೇವು. ಅದರಲ್ಲಿ ಮಾಂಸವಿಲ್ಲ, ಎಂಜಲಿಲ್ಲ. ಆದಕಾರಣ ಕಾವಲೊಂದೇ ಸಾಕು. ಅದರಲ್ಲಿಯೂ ಗಾಳಿ ಹೊಕ್ಕು ಹುಳಿಯು ಸಾಲದೆ ಹೋದರೆ ಲಿಸ್ಟೀರಿಯಾ ಎಂಬ ಸೂಕ್ಷ್ಮಜೀವಿಯು ಬೆಳೆದು, ಅದನ್ನು ತಿಂದ ಕುರಿಗಳಿಗೆ ಮೆದುಳಿನ ರೋಗ ತಗಲಿ ಅವು ಸುತ್ತಿದಲ್ಲೇ ಸುತ್ತುವುದುಂಟು. ಹಲವು ಮನೆಗಳ, ಹೋಟೆಲುಗಳ ಶೇಷವನ್ನು ಕೂಡಿಸಿದಾಗಲಂತೂ ಅದರೊಳಗೆ ಏನಿದೆಯೆಂದು ಬಲ್ಲವರಾರು?

ಈ ಕೆಲಸವನ್ನು ಕ್ರಮವರಿತು ಮಾಡುವವರಲ್ಲಿ ಜಪಾನ್ ದೇಶದವರು ಮುಖ್ಯರು. ಮೇವಿನ ಧಾನ್ಯವನ್ನು ಹೆಚ್ಚಾಗಿ ಹೊರದೇಶಗಳಿಂದ ತರಿಸಿಕೊಳ್ಳಬೇಕಾದ ಆ ದೇಶದವರು 2000ನೆಯ ಇಸವಿಯಲ್ಲಿ ಆಹಾರಶೇಷದ ಮರುಬಳಕೆಗಾಗಿಯೇ ಒಂದು ಕಾನೂನನ್ನು ಮಾಡಿದರು. ಟೋಕಿಯೋ ನಗರಕ್ಕೆ ಸಮೀಪದ ಸಗಾಮಿಹಾರಾ ಎಂಬಲ್ಲಿ ಜಪಾನ್ ಫುಡ್ ಎಕಾಲಜಿ ಸೆಂಟರ್ ಎಂಬ ಸಂಸ್ಥೆಯು 2005ರಲ್ಲಿ ಸ್ಥಾಪಿತವಾಯಿತು. ಅದನ್ನು ಸ್ಥಾಪಿಸಿದವರು ಪಶುವೈದ್ಯರೊಬ್ಬರು. ಅಂಗಡಿಗಳಿಂದಲೂ ಆಹಾರದ ಕಾರ್ಖಾನೆಗಳಿಂದಲೂ ಮಿಕ್ಕ ಅನ್ನ, ಬ್ರೆಡ್ಡು, ತರಕಾರಿಯ ತುಂಡು, ಹಾಲಿನ ತಿಳಿ ಮೊದಲಾದುವು ಅಲ್ಲಿಗೆ ಬರುವುವು. ಬಂದುದನ್ನು ಮೊದಲು ಬೇರ್ಪಡಿಸಿ, ಪ್ಲಾಸ್ಟಿಕ್ಕು ಲೋಹ ಮುಂತಾದುವನ್ನು ತೆಗೆದುಹಾಕಿ, ಅರೆದು, ಕಾವು ಕೊಟ್ಟು, ಆರಿಸಿ, ಅನಂತರ ದುಗ್ಧಾಮ್ಲದ ಜೀವಿಗಳ ಹೆಪ್ಪನ್ನು ಹಾಕುವರು. ಗಂಜಿಯಂತಹ ಹುಳಿಮೇವು ಸಿದ್ಧವಾಗುವುದು. ಇದು ಹಂದಿಗಳ ಆಹಾರವು. ನೋಡಿರಿ, ನಮ್ಮ ಅಡಿಗೆಯ ಮನೆಯ ಮೊಸರಿನ ಕ್ರಮವೇ ಅಲ್ಲಿಯೂ ನಡೆದಿದೆ.

ಹುಳಿಯ ಪ್ರಮಾಣವನ್ನು ಅಳೆಯಲು ಪಿ.ಎಚ್. ಎಂಬ ಮಾನವುಂಟು. ಶುದ್ಧಜಲಕ್ಕೆ ಅದು 7. ಹುಳಿ ಹೆಚ್ಚಿದಷ್ಟೂ ಅಂಕಿಯು ಇಳಿಯುವುದು. ಮೇವಿನ ಪಿ.ಎಚ್. 4ರ ಸಮೀಪಕ್ಕೆ ಇಳಿದರೆ ಹೊಟ್ಟೆಯನ್ನು ಕೆಡಿಸುವ ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ತಲೆಯೆತ್ತಲಾರವು. ಕುದಿಸಿದರೂ ಸಾಯದೆ ಬೀಜರೂಪದಲ್ಲಿ ಉಳಿಯುವ ಕೆಲವು ಜೀವಿಗಳುಂಟು. ಬಾಟ್ಯುಲಿಸಂ ಎಂಬ ಘೋರ ರೋಗವನ್ನುಂಟುಮಾಡುವ ಜೀವಿಯು ಆ ಜಾತಿಯದೇ. ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಅದರ ಬೀಜವು ಮೊಳೆಯಲಾರದು. ಹೀಗೆ ಕಾವು ಕೊಲ್ಲಲಾರದುದನ್ನು ಹುಳಿಯು ತಡೆಯುವುದು. ಹುಳಿಗೆ ಮಣಿಯದುದನ್ನು ಕಾವು ಮೊದಲೇ ಮುಗಿಸಿರುವುದು. ಒಂದಕ್ಕೊಂದು ಪೂರಕವೇ ಹೊರತು ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು.

ಕಾವನ್ನು ಕೈಬಿಟ್ಟರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ದುರಂತವೊಂದೇ ಸಾಕು. ಹೋಟೆಲು ಮುಂತಾದ ಕಡೆಗಳ ಆಹಾರಶೇಷವನ್ನು ಕುದಿಸಿಯೇ ಹಂದಿಗಳಿಗೆ ಹಾಕಬೇಕೆಂಬ ಕಾನೂನು ಆ ದೇಶದಲ್ಲಿ ಮೊದಲೇ ಇದ್ದಿತು. 2001ನೆಯ ಇಸವಿಯ ಫೆಬ್ರವರಿಯಲ್ಲಿ ಅಲ್ಲಿ ಕಾಲುಬಾಯಿ ರೋಗವು ಕಾಣಿಸಿಕೊಂಡಿತು. ನಾರ್ಥಂಬರ್‌ಲೆಂಡ್ ಪ್ರಾಂತದ ಒಂದು ಹಂದಿ ಸಾಕಣೆಯ ತಾಣದಲ್ಲಿ, ಕುದಿಸದ ಶೇಷವನ್ನು ತಿನ್ನಿಸಿದುದೇ ಅದರ ಮೂಲವಿರಬೇಕೆಂದು ಸರ್ಕಾರದ ತನಿಖೆಯು ನಿರ್ಣಯಿಸಿತು. ರೋಗವು ಊರಿಂದೂರಿಗೆ ಹಬ್ಬಿ, ಸೆಪ್ಟೆಂಬರ್ ತಿಂಗಳ ಕೊನೆಯವರೆಗೂ ನಡೆಯಿತು. ಅದನ್ನು ಅಡಗಿಸಲು ಅರುವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಆ ವರ್ಷದ ಮೇ ತಿಂಗಳಲ್ಲಿಯೇ ಇಂತಹ ಶೇಷವನ್ನು ಹಂದಿಗಳಿಗೆ ಹಾಕುವುದನ್ನು ಆ ದೇಶದವರು ನಿಷೇಧಿಸಿದರು. ಒಬ್ಬರು ಒಲೆಯ ಉರಿಯನ್ನು ಉಳಿಸಿದುದಕ್ಕೆ ಇಡೀ ದೇಶವು ದಂಡ ತೆತ್ತಿತು. ಹಂದಿಗಳ ಆಫ್ರಿಕನ್ ಜ್ವರವೂ ಇದೇ ದಾರಿಯನ್ನು ಹಿಡಿದುದುಂಟು. 1957ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರಕ್ಕೆ ಅದು ಬಂದುದು ವಿಮಾನಗಳಲ್ಲಿ ಮಿಕ್ಕ ಆಹಾರವನ್ನು ಹಂದಿಗಳಿಗೆ ಹಾಕಿದುದರಿಂದ ಎಂದು ಹೇಳುವರು. ಈ ವೈರಾಣುಗಳಲ್ಲಿ ಕೆಲವು ಹುಳಿಗೆ ಸೋಲುವುವಾದರೂ, ಮೂಳೆಯ ಮಜ್ಜೆಯಲ್ಲಿಯೋ ಮಾಂಸದ ತುಂಡಿನ ನಡುವೆಯೋ ಅಡಗಿ ಕುಳಿತರೆ ಹುಳಿಯು ಅಲ್ಲಿಗೆ ಮುಟ್ಟುವುದೇ ನಿಶ್ಚಯವಿಲ್ಲ.

ಜಪಾನಿನವರೂ ಇದರಿಂದ ಪಾಠ ಕಲಿತರು. ಅಲ್ಲಿ ಇಪ್ಪತ್ತಾರು ವರ್ಷಗಳ ಕಾಲ ಕಾಣದಿದ್ದ ಹಂದಿಜ್ವರವು 2018ರಲ್ಲಿ ಮತ್ತೆ ತಲೆದೋರಿತು. ಮಾಂಸವು ಬೆರೆತ ಶೇಷಕ್ಕೆ ಅದಕ್ಕೆ ಮೊದಲು 70 ಡಿಗ್ರಿಯ ಕಾವನ್ನು ಅರ್ಧ ಗಂಟೆ ಕೊಟ್ಟರೆ ಸಾಕಾಗಿದ್ದಿತು. 2021ರಿಂದ ಈಚೆಗೆ, ಕಲಕುತ್ತ 90 ಡಿಗ್ರಿಯಲ್ಲಿ ಒಂದು ಗಂಟೆ, ಅಥವಾ ಅದಕ್ಕೆ ಸಮನಾದ ಕಾವನ್ನು ಕೊಡಬೇಕೆಂದು ವಿಧಿಸಿದರು. ಕಲಕಬೇಕೆಂಬ ಮಾತನ್ನು ಗಮನಿಸಿರಿ. ಮೇಲೆ ಕುದಿಯುತ್ತಿದ್ದರೂ ನಡುವಿನ ಗಟ್ಟಿಯು ಬೆಚ್ಚಗೆ ಮಾತ್ರವಿರಬಹುದೆಂಬುದು ಹುಗ್ಗಿ ಮಾಡಿದವರಿಗೆಲ್ಲ ಗೊತ್ತು.

ಇನ್ನು ಕಾವಿಗೂ ಹೆಪ್ಪಿಗೂ ಎರಡಕ್ಕೂ ಬಗ್ಗದ ಶತ್ರುಗಳು ಕೆಲವಿವೆ. ಅವುಗಳಲ್ಲಿ ಮೊದಲನೆಯದು ಬೂಷ್ಟಿನ ವಿಷವು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಕಂಡುಬಂದು, ಅಫ್ಲಟಾಕ್ಸಿನ್ ಎಂಬ ವಿಷದ ಪರಿಚಯವಾಯಿತು. 1974ರಲ್ಲಿ ನಮ್ಮ ದೇಶದ ರಾಜಸ್ಥಾನ ಗುಜರಾತುಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಈ ವಿಷವು ಮನೆಯ ಒಲೆಯ ಕುದಿತಕ್ಕೆ ನಾಶವಾಗುವುದಿಲ್ಲ. ಹುಳಿಗಟ್ಟಿಸಿದರೆ ಹೋಗುವುದೆಂದು ನಂಬುವಂತಿಲ್ಲ. ಹಸುವು ತಿಂದರೆ ಅದರ ಒಂದಂಶವು ರೂಪಾಂತರವನ್ನು ಹೊಂದಿ ಹಾಲಿಗೇ ಇಳಿಯುವುದು. ಆ ಹಾಲನ್ನು ಕಾಯಿಸಿದರೂ ಹೋಗದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದವರು ಒಂದು ಕಿಲೋ ಹಾಲಿನಲ್ಲಿ ಅದು ಅರ್ಧ ಮೈಕ್ರೋಗ್ರಾಮಿಗೆ ಮೀರಕೂಡದೆಂದು ವಿಧಿಸಿದ್ದಾರೆ. ಒಂದು ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆದುದರಿಂದ “ನಮಗೆ ಬೇಡವಾದ ಬೂಷ್ಟು ಹಿಡಿದ ರೊಟ್ಟಿ ಹಸುವಿಗಿರಲಿ” ಎನ್ನುವ ತಾಯಿಯು, ತಿಳಿಯದೆ ತನ್ನ ಮಗುವಿನ ಲೋಟಕ್ಕೇ ಅದನ್ನು ಕಳುಹುತ್ತಿರಬಹುದು.

ಎರಡನೆಯದು, ದನಗಳಿಗೆ ಮಾಂಸ ಮೂಳೆಗಳ ಪುಡಿಯನ್ನು ತಿನ್ನಿಸುವುದರಿಂದ ಹರಡಿದ ಮೆದುಳಿನ ರೋಗವು. 1986ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಗುರುತಿಸಿದರು. 1996ರಲ್ಲಿ ಮನುಷ್ಯರಿಗೂ ಇದು ತಗಲುವುದೆಂದು ತಿಳಿದುಬಂದಿತು. ಇದಕ್ಕೆ ಕಾರಣವು ಬ್ಯಾಕ್ಟೀರಿಯಾವೂ ಅಲ್ಲ, ವೈರಾಣುವೂ ಅಲ್ಲ. ಪ್ರಯಾನ್ ಎಂಬ ವಿಕೃತ ಸಸಾರಜನಕ ವಸ್ತು. ಸಾಧಾರಣವಾದ ಕುದಿತವೂ ಹುಳಿಯೂ ಅದನ್ನು ಏನೂ ಮಾಡಲಾರವು. ಮೆಲುಕು ಹಾಕುವ ಪ್ರಾಣಿಗೆ ಮಾಂಸದ ಸಂಪರ್ಕವಿರುವ ಯಾವುದನ್ನೂ ಹಾಕದಿರುವುದೊಂದೇ ಅದಕ್ಕೆ ಪರಿಹಾರವು. ಮೂರನೆಯವು ಪ್ಲಾಸ್ಟಿಕ್ಕಿನ ಚೀಲ, ತಂತಿ, ಸೂಜಿ, ಗಾಜಿನ ಚೂರು ಮೊದಲಾದುವು. ಹಸುವು ಅಗಿಯದೆ ನುಂಗುವ ಸ್ವಭಾವದ್ದು. ನುಂಗಿದ ತಂತಿಯು ಹೊಟ್ಟೆಯನ್ನು ಚುಚ್ಚಿ ಹೃದಯವನ್ನು ಮುಟ್ಟಿದ ಸಂದರ್ಭಗಳು ಎಷ್ಟೋ ಇವೆ. ಉಪ್ಪಿನಕಾಯಿಯ ರಸದಂತಹ ಅತಿಯಾದ ಉಪ್ಪೂ, ಕುಡಿಯಲು ಬೇಕಾದಷ್ಟು ನೀರಿಲ್ಲದಾಗ, ಪ್ರಾಣಾಪಾಯವನ್ನು ತರುವುದು.

ಇಷ್ಟನ್ನು ಓದಿದ ಮೇಲೆ ಈ ಗೊಡವೆಯೇ ಬೇಡವೆಂದು ಯಾರೂ ಭಾವಿಸಬಾರದು. ಕ್ರಮವಿದ್ದರೆ ಕೆಲಸವು ಸಾಧ್ಯವೆಂಬುದನ್ನು ಜಪಾನಿನವರು ತೋರಿಸಿದ್ದಾರೆ. ಮನೆಯಲ್ಲಿ ಹಸುವಿರುವವರು ಕಲಗಚ್ಚನ್ನು ಅಂದಂದಿನದನ್ನು ಅಂದೇ ಮುಗಿಸಬೇಕು. ಬಾನಿಯನ್ನು ದಿನವೂ ಬಿಸಿನೀರಿನಿಂದ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ಅನ್ನವು ಒಂದೆರಡು ಹಿಡಿಗೆ ಮೀರಕೂಡದು; ಹಬ್ಬದ ದಿನ ಮಿಕ್ಕುದನ್ನು ಹಸಿದ ಮನುಷ್ಯರಿಗೆ ಹೊತ್ತು ಮೀರುವ ಮೊದಲೇ ಹಂಚುವುದು ಉತ್ತಮ, ಅದಾಗದಿದ್ದರೆ ಗೊಬ್ಬರದ ಗುಂಡಿಯೇ ಲೇಸು. ಬೂಷ್ಟು ಹಿಡಿದುದು ಯಾವ ಪ್ರಾಣಿಗೂ ಸಲ್ಲದು. ಹಂದಿಗಳನ್ನು ಸಾಕುವವರು ಶೇಷವನ್ನು ಕಲಕುತ್ತ ಚೆನ್ನಾಗಿ ಕುದಿಸಬೇಕು. ಹಸಿಯ ಬಕೀಟನ್ನು ಬೆಂದುದಕ್ಕೆ ತಾಗಿಸಕೂಡದು, ತಾಗಿಸಿದರೆ ಕುದಿಸಿದ ಶ್ರಮವೆಲ್ಲ ನೀರಿನ ಪಾಲೇ.

ಇನ್ನು, ಸೂಕ್ಷ್ಮಜೀವಿಗಳ ಪುಡಿಯನ್ನೋ ದ್ರವವನ್ನೋ ತಂದು, “ಇದನ್ನು ಬೆರಸಿದರೆ ಎಂತಹ ಕಸವೂ ಮೇವಾಗುವುದು” ಎಂದು ಯಾರಾದರೂ ಹೇಳಿದರೆ ಅವರನ್ನು ನಾಲ್ಕು ಮಾತು ಕೇಳಿರಿ. ಮೊದಲು ಕಾವು ಕೊಟ್ಟಿರೋ, ಎಷ್ಟು ಡಿಗ್ರಿ, ಎಷ್ಟು ಹೊತ್ತು? ಹುಳಿಯಾದ ಮೇಲೆ ಪಿ.ಎಚ್. ಎಷ್ಟಕ್ಕೆ ಇಳಿಯಿತು? ಬೂಷ್ಟಿನ ವಿಷವನ್ನು ಪರೀಕ್ಷಿಸಿದಿರೋ? ಇದು ಯಾವ ಪ್ರಾಣಿಗೆ, ಎಷ್ಟು ಪ್ರಮಾಣದಲ್ಲಿ? ಉತ್ತರವಿದ್ದರೆ ಆಲೋಚಿಸಬಹುದು. ಉತ್ತರವಿಲ್ಲದಿದ್ದರೆ ದೂರದಿಂದಲೇ ನಮಸ್ಕಾರ ಮಾಡಿ ಕಳುಹಿಸಿರಿ.

ಗೌರಿಯ ಕರುವು ಈಗ ಬೆಳೆದು ತಾಯಿಯಾಗಿದೆ. ನಮ್ಮ ಮನೆಗೆ ಹಾಲು ಅದರದೇ. ಸಾಯಂಕಾಲ ಕಲಗಚ್ಚಿಗೆ ಅನ್ನವನ್ನು ಬೆರಸುವಾಗ ನನ್ನ ಮನೆಯಾಕೆಯು ಹಿಡಿಯನ್ನು ಎಣಿಸಿಯೇ ಹಾಕುವಳು. ಹಿಂದೊಮ್ಮೆ ನಾನು, “ಇಷ್ಟು ಲೋಭವೇಕೆ?” ಎಂದು ಅವಳನ್ನು ಹಾಸ್ಯ ಮಾಡುತ್ತಿದ್ದೆನು. ಈಗ ಅವಳ ಪಕ್ಕದಲ್ಲಿ ನಿಂತು, ಎರಡನೆಯ ಹಿಡಿಯಾದೊಡನೆ “ಸಾಕು” ಎನ್ನುವವನು ನಾನೇ.